ಅರಮನೆಯ ಹೆಸರು, ಹೋಟೆಲಿನ ಬಾಡಿಗೆ

ಕೊಲ್ಹಾಪುರದ ರಂಕಾಳಾ ಕೆರೆಯ ಪಡುವಣ ದಂಡೆಯಲ್ಲಿ ನಿಂತಿರುವ ಶಾಲಿನಿ ಪ್ಯಾಲೇಸ್ 1931ರಿಂದ 1934ರ ನಡುವೆ ಕಟ್ಟಿದ ಅರಮನೆ. ರಾಜಾರಾಮ ಮಹಾರಾಜರ ಆಳ್ವಿಕೆಯ ಕಾಲವದು. ರಾಜಕುಮಾರಿ ಶಾಲಿನಿರಾಜೆಯವರ ಹೆಸರು ಹೊತ್ತ ಈ ಕಟ್ಟಡಕ್ಕೆ ಅಂದಿನ 8 ಲಕ್ಷ ರೂಪಾಯಿ ತಗಲಿತು. ಕಪ್ಪು ಕಲ್ಲಿನ ಕಮಾನುಗಳು, ಇಟಲಿಯ ಅಮೃತಶಿಲೆ, ಸಂಸ್ಥಾನದ ಲಾಂಛನ ಕೊರೆದ ಬೆಲ್ಜಿಯಂ ಗಾಜು, ಮೇಲೊಂದು ಗಡಿಯಾರದ ಗೋಪುರ. 1987ರಲ್ಲಿ ಇದು ಹೋಟೆಲಾಯಿತು. ಅಂದಿನಿಂದ ‘ಮಹಾರಾಷ್ಟ್ರದ ಏಕೈಕ ತಾರಾ ಅರಮನೆ ಹೋಟೆಲ್’ ಎಂಬ ಬಿರುದು ಇದಕ್ಕೆ ಅಂಟಿಕೊಂಡಿತು. ಪ್ರವಾಸಿ ಕೈಪಿಡಿಗಳು ಆ ಬಿರುದನ್ನು ಒಂದರಿಂದ ಒಂದು ಎತ್ತಿಕೊಳ್ಳುತ್ತ ಬಂದಿವೆ. ಯಾವ ಕೈಪಿಡಿಯೂ ಕೋಣೆಯ ಸ್ಥಿತಿ ಏನು, ಅಡುಗೆ ಹೇಗಿದೆ, ಬಾಗಿಲಲ್ಲಿ ನಿಂತವರು ಬಂದವರನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂದು ವಿಚಾರಿಸಿ ಬರೆದಿಲ್ಲ. ಕಲ್ಲು, ಗಾಜು, ರಾಜಮನೆತನದ ಹೆಸರು, ಇಷ್ಟಿದ್ದರೆ ವೈಭವ ಇದ್ದೇ ಇರುತ್ತದೆ ಎಂದು ನಂಬಿಕೊಂಡಿದ್ದೇವೆ. ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ ಬರುವ ಗಡಿನಾಡಿನ ಕನ್ನಡಿಗರು ಮಹಾಲಕ್ಷ್ಮಿಯ ದರ್ಶನ ಮುಗಿಸಿ ರಂಕಾಳಾ ಚೌಪಾಟಿಯಲ್ಲಿ ನಿಂತು ನೋಡುವುದೂ ಆ ಹೊರರೂಪವನ್ನೇ. ಹೊರರೂಪ ಸುಳ್ಳಲ್ಲ. ಆದರೆ ಐಷಾರಾಮಿ ಹೋಟೆಲ್ ಎಂಬ ಕೀರ್ತಿಗೆ ಅದೊಂದೇ ಸಾಕ್ಷಿಯಾಗಬಹುದೇ ಎಂಬುದನ್ನು ಕೇಳಲೇಬೇಕು. ಹಾಗೆ ಕೇಳುವುದು ಅರಮನೆಗೆ ಅಗೌರವ ತೋರಿಸಿದಂತೆ ಎಂದು ನಾನು ಭಾವಿಸುವುದಿಲ್ಲ. ಕೇಳದೆ ಬಿಟ್ಟದ್ದರಿಂದಲೇ ಇಂಥ ಕಟ್ಟಡಗಳಿಗೆ ಕೇಡಾಗಿದೆ.

ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವ ಉದಾಹರಣೆ ಮೈಸೂರಿನ ಲಲಿತಮಹಲ್. ಅದು ಸಾರ್ವಜನಿಕ ಸ್ವತ್ತು, ಅದರ ಕಥೆಯೂ ಸಾರ್ವಜನಿಕವಾಗಿಯೇ ನಡೆದದ್ದು. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ನಕ್ಷೆ ಬರೆದವರು ಇ. ಡಬ್ಲ್ಯು. ಫ್ರಿಚ್ಲೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನು ನೆನಪಿಸುವ ನಡುಗುಮ್ಮಟ, ಜೋಡಿ ಕಂಬಗಳ ಸಾಲು, ಅಮೃತಶಿಲೆಯ ಮೆಟ್ಟಿಲು, ಬಣ್ಣದ ಗಾಜಿನಿಂದ ಬೆಳಕು ಇಳಿಯುವ ಹಜಾರ. ಇಷ್ಟನ್ನೂ ಚಾಮುಂಡಿ ಬೆಟ್ಟಕ್ಕೆ ಎದುರಾಗಿ, ಊರಿಂದ ದೂರದ ದಿನ್ನೆಯ ಮೇಲೆ ಕಟ್ಟಿಸಿದ್ದು ಒಂದೇ ಉದ್ದೇಶಕ್ಕಾಗಿ. ಮೈಸೂರಿಗೆ ಬರುವ ವೈಸರಾಯ್ ಇಳಿದುಕೊಳ್ಳಬೇಕಾಗಿತ್ತು. ಮುಂದೆ ಯುರೋಪಿನ ಇತರ ಅತಿಥಿಗಳೂ ಅಲ್ಲಿ ತಂಗಿದರು. 1974ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಅದನ್ನು ಹೋಟೆಲ್ ಮಾಡಿ ನಡೆಸತೊಡಗಿತು. ಅದಕ್ಕೆ ಮೂರು ವರ್ಷ ಹಿಂದೆ, 1971ರಲ್ಲಿ, ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾಗಿತ್ತು. ದೇಶದ ತುಂಬ ಅರಮನೆಗಳಿಗೆ ಹೊಸ ಜೀವನೋಪಾಯ ಬೇಕಾಗಿದ್ದ ಕಾಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕೇಂದ್ರದ ನಿಗಮದ ಕೈಯಲ್ಲಿದ್ದ ಹೋಟೆಲನ್ನು ರಾಜ್ಯಕ್ಕೆ ಮರಳಿಸುವ ತೀರ್ಮಾನವನ್ನು ಕೇಂದ್ರ ಸಚಿವ ಸಂಪುಟ 2017ರಲ್ಲಿ ಮಾಡಿತು. 2018ರಿಂದ ಅದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಸುಪರ್ದಿಗೆ ಬಂತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲಲಿತಮಹಲಿನ ಕೀರ್ತಿ ಹುಟ್ಟಿದ್ದು ಅದು ಹೋಟೆಲ್ ಆಗುವುದಕ್ಕೆ ಮೊದಲು. ವೈಸರಾಯ್ ಬಂದಿಳಿದಾಗ ಆತನ ಕೈಗೆ ಬಿಲ್ಲು ಕೊಡುವವರಿರಲಿಲ್ಲ. ಅಡುಗೆಯವರು, ಮಾಲಿಗಳು, ಹಾಸಿಗೆ ಸಿದ್ಧಪಡಿಸುವವರು, ದೀಪ ಹಚ್ಚುವವರು, ಕಾವಲಿನವರು, ಇವರೆಲ್ಲರ ಸಂಬಳ ಬರುತ್ತಿದ್ದದ್ದು ಸಂಸ್ಥಾನದ ಬೊಕ್ಕಸದಿಂದ. ಅತಿಥಿ ವರ್ಷಕ್ಕೊಮ್ಮೆ ಬರಲಿ, ಎರಡು ವರ್ಷಕ್ಕೊಮ್ಮೆ ಬರಲಿ, ಮನೆ ಸದಾ ಸಿದ್ಧವಿರಬೇಕಿತ್ತು. ಒಂದು ಕೋಣೆಯಿಂದ ಇಂತಿಷ್ಟು ಆದಾಯ ಬರಬೇಕೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಅಂದಿನ ವೈಭವವೆಂದರೆ ಕಟ್ಟಡ ಮತ್ತು ಅದರ ಹಿಂದಿದ್ದ ಆ ಇಡೀ ಏರ್ಪಾಡು, ಎರಡೂ ಕೂಡಿದ್ದು. 1974ರಲ್ಲಿ ಹೋಟೆಲಿಗೆ ದಕ್ಕಿದ್ದು ಕಟ್ಟಡ ಮಾತ್ರ. ಬೊಕ್ಕಸ ಇರಲಿಲ್ಲ, ತಲೆಮಾರುಗಳಿಂದ ಅರಮನೆಯ ಕೆಲಸದಲ್ಲೇ ಪಳಗಿದ ಆಳುಕಾಳುಗಳೂ ಇರಲಿಲ್ಲ. ಹೆಸರನ್ನು ಮಾತ್ರ ಪೂರ್ತಿಯಾಗಿ ತೆಗೆದುಕೊಂಡರು, ಆ ಹೆಸರಿನ ಮೇಲೆಯೇ ಬಾಡಿಗೆ ನಿಗದಿ ಮಾಡಿದರು. ಅರಮನೆ ಹೋಟೆಲುಗಳ ಸಮಸ್ಯೆಯ ಬೇರು ಇರುವುದು ಇಲ್ಲಿ ಎಂಬುದು ನನ್ನ ವಾದ. ಬೇರೆ ಯಾರೋ ಬೇರೆ ಯಾವುದೋ ವ್ಯವಸ್ಥೆಯಲ್ಲಿ ಗಳಿಸಿದ ಕೀರ್ತಿಯನ್ನು ಇಂದಿನ ಹೋಟೆಲು ತನ್ನದೆಂದು ಮಾರುತ್ತಿದೆ. ಮಾರಿದ ಹಣದಲ್ಲಿ ಆ ಕೀರ್ತಿಯನ್ನು ಉಳಿಸಿಕೊಳ್ಳಲು ಬೇಕಾದಷ್ಟನ್ನು ಮತ್ತೆ ಅಲ್ಲಿಗೇ ಹಾಕುವ ಕಟ್ಟುಪಾಡು ಅದಕ್ಕಿಲ್ಲ.

ಹೋಟೆಲ್ ಆಗಿಯೇ ಹುಟ್ಟಿದ ಕಟ್ಟಡಗಳ ಜೊತೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಎಂಬಾಕೆ ಹತ್ತು ಕೋಣೆಗಳಿಂದ ಆರಂಭಿಸಿದ ವಸತಿಗೃಹ. ಮುಂಬಯಿಯ ತಾಜ್‌ಮಹಲ್ ಹೋಟೆಲಿಗೆ ಜಮ್‌ಶೇಟ್‌ಜಿ ಟಾಟಾ ಬುನಾದಿ ಹಾಕಿಸಿದ್ದೇ ಹೋಟೆಲ್ ನಡೆಸಲೆಂದು. 1903ರ ಡಿಸೆಂಬರಿನಲ್ಲಿ ಅದು ತೆರೆದಾಗ ವಿದ್ಯುತ್ ದೀಪ, ಲಿಫ್ಟುಗಳ ಸೌಕರ್ಯವೇ ಅದರ ಹೆಮ್ಮೆಯಾಗಿತ್ತು. ಇಂಥ ಕಟ್ಟಡಗಳ ನಕ್ಷೆಯಲ್ಲೇ ದುಡಿಮೆಗೆ ಜಾಗವಿರುತ್ತದೆ. ಅತಿಥಿಯ ಕಣ್ಣಿಗೆ ಬೀಳದ ಓಣಿಗಳು, ಊಟದ ಹಜಾರಕ್ಕೆ ಹತ್ತಿರದ ಅಡುಗೆಮನೆ, ಬಟ್ಟೆ ಒಗೆಯುವ ಮನೆ, ಎಲ್ಲ ಕೋಣೆಗೂ ಸಮನಾಗಿ ನೀರು ಹರಿಯುವ ಕೊಳವೆ ಎಲ್ಲ ಮೊದಲೇ ಲೆಕ್ಕಕ್ಕೆ ಬಂದಿರುತ್ತವೆ. ಅರಮನೆಯ ಲೆಕ್ಕ ಬೇರೆ. ಅಲ್ಲಿ ಹಜಾರ ದೊಡ್ಡದು, ಚಾವಣಿ ಎತ್ತರದ್ದು, ಮಲಗುವ ಕೋಣೆ ಕಡಿಮೆ. ಅಡುಗೆ ವಾಸನೆ ಬಾರದಿರಲೆಂದು ಅಡುಗೆಮನೆಯನ್ನು ದೂರ ಇಡುವುದು ಅಂದಿನ ರೂಢಿ. ಹತ್ತಾರು ಆಳುಗಳಿದ್ದಾಗ ಆ ದೂರ ಯಾರಿಗೂ ತೊಂದರೆ ಕೊಡಲಿಲ್ಲ. ಇಂದು ಇಬ್ಬರು ಮೂವರು ಮಾಣಿಗಳು ಒಂದು ಮಹಡಿಯನ್ನೆಲ್ಲ ನೋಡಿಕೊಳ್ಳಬೇಕಾದಾಗ ಕಾಫಿ ತಣ್ಣಗಾಗಿ ಬರುತ್ತದೆ. ತಪ್ಪು ಮಾಣಿಯದಲ್ಲ. ಅಷ್ಟು ಉದ್ದದ ದಾರಿಗೆ ಎಷ್ಟು ಜನ ಬೇಕು ಎಂಬುದನ್ನು ಲೆಕ್ಕ ಹಾಕದೆ ಹೋಟೆಲ್ ತೆರೆದವರದು. ತಾಜ್‌ನ ಕೀರ್ತಿ ಏನನ್ನು ನಂಬಿಕೊಂಡಿದೆ ಎಂಬುದು 2008ರ ನವೆಂಬರ್ 26ರಂದು, ಭಯೋತ್ಪಾದಕರು ದಾಳಿ ಮಾಡಿದ ರಾತ್ರಿ, ಎಲ್ಲರಿಗೂ ಗೊತ್ತಾಯಿತು. ಗುಂಡಿನ ಸದ್ದಿನ ನಡುವೆ ಅಲ್ಲಿನ ಸಿಬ್ಬಂದಿ ಓಡಿಹೋಗದೆ ಅತಿಥಿಗಳನ್ನು ಹಿಂಬದಿಯ ದಾರಿಗಳಲ್ಲಿ ಸಾಗಿಸಿದರು, ಹಲವರು ಪ್ರಾಣ ಕಳೆದುಕೊಂಡರು. ಸುಟ್ಟುಹೋದ ಹಳೆಯ ಭಾಗವನ್ನು 2010ರ ಆಗಸ್ಟ್ 15ರಂದು ಮತ್ತೆ ತೆರೆದಾಗ ಜನ ಮರಳಿ ಬಂದದ್ದು ಗುಮ್ಮಟ ಉಳಿಯಿತೆಂಬ ಒಂದೇ ಕಾರಣಕ್ಕಲ್ಲ.

ಸೇವೆಯ ಮಾತು ಒಂದಾದರೆ ಗೋಡೆಯ ಮಾತು ಇನ್ನೊಂದು, ಮತ್ತು ಗೋಡೆಯ ಮಾತನ್ನು ಆಡುವವರು ಬಹಳ ಕಡಿಮೆ. ಒಂದು ನೂರು ವರ್ಷದ ಅರಮನೆಯ ಗೋಡೆಯನ್ನು ಹತ್ತಿರದಿಂದ ನೋಡೋಣ. ಒಳಗೆ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಸುಣ್ಣದ ಗಾರೆಯ ಗುಣವೆಂದರೆ ಅದು ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಮಳೆಗಾಲದಲ್ಲಿ ಒಳಬಂದ ನೀರು ಬೇಸಿಗೆಯಲ್ಲಿ ಹೊರಗೆ ಹೋಗುವ ದಾರಿ ಅದೇ. ಹಾಗಾಗಿಯೇ ಹಿಂದಿನವರು ವರ್ಷ ವರ್ಷವೂ ಸುಣ್ಣವನ್ನೇ ಬಳಿಯುತ್ತಿದ್ದರು. ಇಂದು ಕಚೇರಿಯ ಟೆಂಡರಿನಲ್ಲಿ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗೆ ಜಾಗವಿರುವುದಿಲ್ಲ. ಬಿರುಕು ಕಂಡಲ್ಲಿ ಸಿಮೆಂಟ್ ಮೆತ್ತುತ್ತಾರೆ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯುತ್ತಾರೆ. ಬಳಿದ ತಿಂಗಳು ಗೋಡೆ ಫಳಫಳ ಹೊಳೆಯುತ್ತದೆ. ಒಳಗಿನ ತೇವಕ್ಕೆ ಹೊರದಾರಿ ಮುಚ್ಚಿಹೋದದ್ದರಿಂದ ಮುಂದಿನ ಮಳೆಗೆ ಬಣ್ಣ ಗುಳ್ಳೆಯಾಗಿ ಏಳುತ್ತದೆ, ಅಂಚಿನಲ್ಲಿ ಬಿಳಿಯ ಉಪ್ಪು ಕಾಣಿಸಿಕೊಳ್ಳುತ್ತದೆ, ಗಾರೆ ಹಿಟ್ಟಾಗಿ ಉದುರುತ್ತದೆ, ತೊಲೆಯ ತುದಿ ಗೆದ್ದಲಿಗೆ ಸಿಗುತ್ತದೆ. ಕೋಣೆಯಲ್ಲಿ ಮುಗ್ಗಲು ವಾಸನೆ ಬಂದಾಗ ಸುಗಂಧ ಸಿಂಪಡಿಸುತ್ತಾರೆ. ಹೀಗೆ ಮೂರು ಸಲ ಬಣ್ಣಕ್ಕೆ ಸುರಿದ ಹಣದಲ್ಲಿ ಒಮ್ಮೆ ಸರಿಯಾಗಿ ಸುಣ್ಣದ ಕೆಲಸ ಮಾಡಿಸಬಹುದಿತ್ತು. ಆದರೆ ಸರ್ಕಾರಿ ಲೆಕ್ಕದಲ್ಲಿ ಬಣ್ಣ ವಾರ್ಷಿಕ ಖರ್ಚು, ಅದಕ್ಕೆ ಮಂಜೂರಾತಿ ಸುಲಭ. ಸುಣ್ಣದ ದುರಸ್ತಿ ದೊಡ್ಡ ಕಾಮಗಾರಿ, ಅದರ ಕಡತ ವರ್ಷಗಟ್ಟಲೆ ತಿರುಗುತ್ತದೆ. ನನ್ನನ್ನು ಕೇಳಿದರೆ ಐಷಾರಾಮಿ ಹೋಟೆಲಿನ ಮೊದಲ ಪರೀಕ್ಷೆ ಇದೇ. ಸ್ವಾಗತದ ಹಾರ, ತಟ್ಟೆಯ ಮೇಲಿನ ಮಡಚಿದ ಕರವಸ್ತ್ರ ಎಲ್ಲ ಆಮೇಲೆ.

ಹಾಗಾದರೆ ಸರ್ಕಾರ ಕೊಡುವ ತಾರೆಗಳ ಪ್ರಮಾಣಪತ್ರ ಇದನ್ನೆಲ್ಲ ನೋಡುವುದಿಲ್ಲವೇ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿಯೊಂದು ಹೋಟೆಲುಗಳನ್ನು ಪರಿಶೀಲಿಸಿ ದರ್ಜೆ ಕೊಡುತ್ತದೆ. 1950ಕ್ಕಿಂತ ಮೊದಲು ಕಟ್ಟಿದ ಅರಮನೆ, ಕೋಟೆ, ಹವೇಲಿಗಳಿಗೆ ಪಾರಂಪರಿಕ ಹೋಟೆಲ್ ಎಂಬ ಪ್ರತ್ಯೇಕ ವರ್ಗವೇ ಇದೆ. ಒಮ್ಮೆ ಕೊಟ್ಟ ದರ್ಜೆ ಐದು ವರ್ಷ ನಡೆಯುತ್ತದೆ. ಆದರೆ ಪರಿಶೀಲನೆ ಮುಖ್ಯವಾಗಿ ಒಂದು ಪಟ್ಟಿಯ ಮೇಲೆ ನಡೆಯುತ್ತದೆ: ಕೋಣೆ ಎಷ್ಟು, ಸ್ನಾನದ ಮನೆಯ ಅಳತೆ ಎಷ್ಟು, ಯಾವ ಯಾವ ಸೌಲಭ್ಯ ಇದೆ. ಇರುವುದನ್ನು ಎಣಿಸಲು ಪಟ್ಟಿ ಸಾಕು. ಇರುವುದು ದಿನವೂ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಐದು ವರ್ಷಕ್ಕೊಮ್ಮೆಯ ಭೇಟಿ ಸಾಲದು. ಬರುವ ದಿನ ಗೊತ್ತಿದ್ದರೆ ಯಾವ ಮನೆಯನ್ನಾದರೂ ಒಪ್ಪ ಮಾಡಿಡಬಹುದು. ಲಲಿತಮಹಲಿನಲ್ಲಿ ಉಳಿದು ಬಂದವರು ಬಹುಮಟ್ಟಿಗೆ ಹೇಳುತ್ತ ಬಂದಿರುವುದು ಒಂದೇ ಮಾತು: ಕಟ್ಟಡ ಭವ್ಯ, ಉಳಿದದ್ದು ಸಾಧಾರಣ. ಕೇಂದ್ರ ಸರ್ಕಾರವೇ ಕೊನೆಗೆ ಅದನ್ನು ಇಟ್ಟುಕೊಳ್ಳಲು ಬಯಸಲಿಲ್ಲ. ಚಾಮುಂಡಿ ಬೆಟ್ಟದ ಮೇಲಿನ ರಾಜೇಂದ್ರ ವಿಲಾಸವೂ ಒಂದು ಕಾಲಕ್ಕೆ ಹೋಟೆಲಾಗಿತ್ತು, ಅದು ಮುಚ್ಚಿಯೇ ಹೋಯಿತು. ಅದೇ ಊರು, ಅದೇ ರಾಜಮನೆತನ, ಮೈಸೂರನ್ನೇ ಬೆಟ್ಟದಿಂದ ನೋಡುವ ಅಪರೂಪದ ಜಾಗ; ಹೆಸರು ಮತ್ತು ನೋಟ ಎರಡೂ ಇದ್ದವು, ಸಾಲಲಿಲ್ಲ. ಆದ್ದರಿಂದ ನನ್ನ ತೀರ್ಪನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅರಮನೆಯಾಗಿ ಲಲಿತಮಹಲ್ ತನ್ನ ಕೀರ್ತಿಗೆ ಎಲ್ಲ ರೀತಿಯಲ್ಲೂ ತಕ್ಕದ್ದು. ಐಷಾರಾಮಿ ಹೋಟೆಲಾಗಿ ಅದು ಆ ಕೀರ್ತಿಯ ನೆರಳಿನಲ್ಲಿ ದಿನ ದೂಡಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯದನ್ನು ಪ್ರೀತಿಸುವವರದು. ಹಳೆಯ ಮನೆ ಹಳೆಯದಾಗಿಯೇ ಇರಬೇಕು, ಹೊಸ ಹೋಟೆಲಿನ ಸೌಕರ್ಯ ಬೇಕಾದವರು ರಿಂಗ್ ರೋಡಿನ ಗಾಜಿನ ಕಟ್ಟಡಗಳಿಗೆ ಹೋಗಲಿ ಎನ್ನುತ್ತಾರೆ. ಈ ಮಾತಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಲಿಫ್ಟು ನಿಧಾನಕ್ಕೆ ಏರಲಿ, ಒಂದು ಕೋಣೆಯಂತೆ ಇನ್ನೊಂದು ಇಲ್ಲದಿರಲಿ, ನೆಲದ ಹಲಗೆ ಹೆಜ್ಜೆಗೊಮ್ಮೆ ಕಿರುಗುಟ್ಟಲಿ, ಎತ್ತರದ ಚಾವಣಿಯ ಕೆಳಗೆ ಎ.ಸಿ. ಬೇಗ ತಂಪು ಮಾಡದಿರಲಿ. ಇವು ವಯಸ್ಸಿನ ಲಕ್ಷಣ. ಇವನ್ನು ಅಳಿಸಿಹಾಕಿದರೆ ಅರಮನೆಯಲ್ಲಿ ಉಳಿಯುವುದಕ್ಕೆ ಅರ್ಥವೇ ಇಲ್ಲ. ಆದರೆ ಸೋರುವ ಚಾವಣಿ, ಮುಗ್ಗಿದ ಪರದೆ, ಸವೆದ ದುಪ್ಪಟಿ, ಬಿಸಿನೀರಿಗಾಗಿ ಮುಕ್ಕಾಲು ಗಂಟೆಯ ಕಾಯುವಿಕೆ, ಇವು ವಯಸ್ಸಿನಿಂದ ಬಂದವಲ್ಲ, ಅಲಕ್ಷ್ಯದಿಂದ ಬಂದವು. ನೂರು ವರ್ಷದ ಕಟ್ಟಡದಲ್ಲಿ ದುಪ್ಪಟಿಯೂ ನೂರು ವರ್ಷದ್ದಾಗಿರಬೇಕಿಲ್ಲ. ವಯಸ್ಸು ಮತ್ತು ಅಲಕ್ಷ್ಯ ಎರಡನ್ನೂ ‘ಪರಂಪರೆ’ ಎಂಬ ಒಂದೇ ಹೊದಿಕೆಯಲ್ಲಿ ಮುಚ್ಚಿದಾಗ ಪರಂಪರೆಗೇ ಕೆಟ್ಟ ಹೆಸರು. ಅಲ್ಲಿ ಒಂದು ರಾತ್ರಿ ಕಳೆದ ಚಿಕ್ಕ ವಯಸ್ಸಿನವರು ಹಳೆಯ ಕಟ್ಟಡವೆಂದರೆ ಇಷ್ಟೇ ಎಂದುಕೊಂಡು ಹೊರಡುತ್ತಾರೆ. ಮುಂದೊಂದು ದಿನ ಅಂಥ ಕಟ್ಟಡವನ್ನು ಕೆಡವುವ ಮಾತು ಬಂದಾಗ ಅವರು ಅದರ ಪರವಾಗಿ ನಿಲ್ಲುವರೆಂದು ನಿರೀಕ್ಷಿಸುವುದು ಹೇಗೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸರ್ಕಾರದಿಂದ ಹೋಟೆಲ್ ನಡೆಸಲಾಗದು, ದೊಡ್ಡ ಖಾಸಗಿ ಸಂಸ್ಥೆಗೆ ಕೊಟ್ಟುಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಉದಾಹರಣೆಗಳೂ ಅವರ ಕೈಯಲ್ಲಿವೆ. ಜೈಪುರದ ರಾಮಬಾಗ್ 1957ರಲ್ಲಿ, ಉದಯಪುರದ ಕೆರೆಯ ನಡುವಿನ ಅರಮನೆ 1963ರಲ್ಲಿ ಹೋಟೆಲಾದವು. 1970ರ ದಶಕದ ಆರಂಭದಿಂದ ಎರಡನ್ನೂ ನಡೆಸುತ್ತ ಬಂದಿರುವುದು ತಾಜ್ ಸಂಸ್ಥೆ. ಹೈದರಾಬಾದಿನ ಫಲಕನುಮಾ ಅರಮನೆಯನ್ನು ಅದೇ ಸಂಸ್ಥೆ ಸುಮಾರು ಹತ್ತು ವರ್ಷ ದುರಸ್ತಿ ಮಾಡಿ 2010ರಲ್ಲಿ ಬಾಗಿಲು ತೆರೆಯಿತು. ಈ ಹತ್ತು ವರ್ಷ ಎಂಬುದನ್ನು ಗಮನಿಸಬೇಕು. ಒಂದು ರಾತ್ರಿಯ ಬಾಡಿಗೆಯನ್ನೂ ಪಡೆಯದೆ ಒಂದು ದಶಕ ಕೈಯಿಂದ ಖರ್ಚು ಮಾಡುತ್ತ ಕಾಯುವ ತಾಳ್ಮೆ ಅಲ್ಲಿತ್ತು. ಖಾಸಗಿಯೋ ಸರ್ಕಾರಿಯೋ ಎನ್ನುವುದಕ್ಕಿಂತ ಆ ತಾಳ್ಮೆಯೇ ಅಲ್ಲಿ ಕೆಲಸ ಮಾಡಿದ್ದು. ಮೂರು ವರ್ಷದ ಲಾಭಕ್ಕೆ ಕಣ್ಣಿಟ್ಟ ಖಾಸಗಿ ಗುತ್ತಿಗೆದಾರ ಸರ್ಕಾರಿ ಕಚೇರಿಗಿಂತ ಬೇಗ ಪ್ಲಾಸ್ಟಿಕ್ ಪೇಂಟ್ ಬಳಿಸುತ್ತಾನೆ. ಇನ್ನೂ ಒಂದು ಮಾತಿದೆ. ಫಲಕನುಮಾದ ಒಂದು ರಾತ್ರಿಯ ಬಾಡಿಗೆ ಸಾಮಾನ್ಯ ನೌಕರನ ತಿಂಗಳ ಸಂಬಳಕ್ಕೆ ಸಮ ಅಥವಾ ಹೆಚ್ಚು. ರಾಜಮನೆತನದ ಖಾಸಗಿ ಸ್ವತ್ತಾದರೆ ಅದು ಅವರ ಇಷ್ಟ. ಲಲಿತಮಹಲ್ ಜನರ ಆಸ್ತಿ. ಮೈಸೂರು ಸೀಮೆಯ ರೈತರ ಕಂದಾಯದಲ್ಲಿ ಎದ್ದ ಕಟ್ಟಡಕ್ಕೆ ಅದೇ ರೈತರ ಮೊಮ್ಮಕ್ಕಳು ಗೇಟಿನ ಹೊರಗಿಂದ ಕೈಮುಗಿದು ಹೋಗಬೇಕಾದರೆ ಅಂಥ ಅಚ್ಚುಕಟ್ಟು ನನಗೆ ಬೇಡ. ಖಾಸಗಿಯವರಿಗೆ ಕೊಡುವುದೇ ಆದರೆ ಕೊಡುವ ಕರಾರಿನಲ್ಲಿ ದುರಸ್ತಿಗೆ ಎಷ್ಟು ವರ್ಷ, ಎಷ್ಟು ಹಣ, ಯಾವ ಬಗೆಯ ಗಾರೆ, ಜನರಿಗೆ ಯಾವ ಹಜಾರ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೆಲ್ಲ ಬರೆದೇ ಕೊಡಬೇಕು. ಅಷ್ಟು ಬರೆಯಬಲ್ಲ ಸರ್ಕಾರ ಅದನ್ನು ತಾನೇ ಪಾಲಿಸಬಲ್ಲುದು ಕೂಡ.

ಮೂರನೆಯ ಆಕ್ಷೇಪ, ಶ್ರೀಮಂತರ ಹಾಸಿಗೆ ಮೆತ್ತಗಿದೆಯೋ ಇಲ್ಲವೋ ಎಂಬುದು ನಮಗೇಕೆ ಎಂಬುದು. ಬರಗಾಲ, ನೆರೆ, ಶಾಲೆ, ಆಸ್ಪತ್ರೆ ಎಂದು ಹತ್ತು ಚಿಂತೆಗಳಿರುವ ನಾಡಿನಲ್ಲಿ ಇದು ಹೊಟ್ಟೆ ತುಂಬಿದವರ ಚರ್ಚೆಯಂತೆ ಕೇಳಿಸುತ್ತದೆ. ಆದರೆ ಅರಮನೆ ಹೋಟೆಲಿಗೆ ಬರುವವರೆಲ್ಲ ಶ್ರೀಮಂತರಲ್ಲ. ಮದುವೆಯ ಐವತ್ತನೆಯ ವರ್ಷಕ್ಕೆ ಮಕ್ಕಳೆಲ್ಲ ಕೂಡಿ ಹಣ ಹಾಕಿ ತಂದೆತಾಯಿಯನ್ನು ಒಂದು ರಾತ್ರಿ ಅಲ್ಲಿರಿಸುವ ಕುಟುಂಬಗಳಿವೆ. ದಸರೆಗೆಂದು ವರ್ಷವಿಡೀ ಉಳಿಸಿ ಬರುವವರಿದ್ದಾರೆ. ದೊಡ್ಡ ಹಣವಂತನಿಗೆ ಒಂದು ರಾತ್ರಿ ಕೆಟ್ಟರೆ ಮತ್ತೊಂದು ಹೋಟೆಲಿದೆ. ಜೀವಮಾನಕ್ಕೊಮ್ಮೆ ಬಂದವನಿಗೆ ಹೆಸರನ್ನು ನಂಬಿ ಕೊಟ್ಟ ಹಣ ಹೋಯಿತೆಂದರೆ ಹೋಯಿತು. ಅಲ್ಲಿ ದುಡಿಯುವವರ ಪಾಡೂ ಇದರಲ್ಲೇ ಸೇರಿದೆ. ಸೇವೆ ಸಾಧಾರಣ ಎಂದು ಅತಿಥಿ ದೂರುವಾಗ ಅದರ ಹಿಂದೆ ಹಲವು ಕಡೆ ಹೊರಗುತ್ತಿಗೆಯ ಮೇಲೆ ಬಂದ, ತಿಂಗಳಿಗೊಮ್ಮೆ ಬದಲಾಗುವ, ತರಬೇತಿಯನ್ನೇ ಕಾಣದ ಹುಡುಗರಿರುತ್ತಾರೆ. ಒಂದು ಕಟ್ಟಡದ ನಡೆನುಡಿಯನ್ನು ಕಲಿಯಲು ಮನುಷ್ಯ ಅಲ್ಲಿ ಹತ್ತು ವರ್ಷ ಉಳಿಯಬೇಕು. ಉಳಿಯುವಂಥ ಸಂಬಳ ಕೊಡದೆ ಅರಮನೆಯ ಆತಿಥ್ಯವನ್ನು ಅವನಿಂದ ಬಯಸುವುದು ಅನ್ಯಾಯ.

ಇನ್ನು ಆಗಬೇಕಾದದ್ದೇನು? ಅರಮನೆ ಹೋಟೆಲು ನಡೆಸುವವರು, ಅದು ಸರ್ಕಾರವೇ ಇರಲಿ ಖಾಸಗಿಯವರೇ ಇರಲಿ, ಬಾಡಿಗೆಯ ಇಂತಿಷ್ಟು ಪಾಲನ್ನು ಕಟ್ಟಡದ ಖಾತೆಗೆ ಎಂದು ತೆಗೆದಿಡಬೇಕು. ಆ ಖಾತೆಯ ಹಣ ಬೇರೆ ಯಾವ ತಲೆಬರಹಕ್ಕೂ ಹೋಗಕೂಡದು. ಅದರಲ್ಲಿ ಸುಣ್ಣದ ಮೇಸ್ತ್ರಿ, ಮರದ ಬಡಗಿ, ಗಾಜಿನ ಕೆಲಸದವನು ಖಾಯಂ ಆಗಿ ಬದುಕುವಂತಿರಬೇಕು. ಲಾಭ ಬಂದ ವರ್ಷ ಮಾತ್ರ ದುರಸ್ತಿ ಎನ್ನುವ ಪದ್ಧತಿಯಲ್ಲಿ ದುರಸ್ತಿ ಬರುವುದೇ ಇಲ್ಲ, ಏಕೆಂದರೆ ದುರಸ್ತಿಯಿಲ್ಲದ ಹೋಟೆಲಿಗೆ ಲಾಭವೂ ಬರುವುದಿಲ್ಲ. ಜೊತೆಗೆ ತಾರೆಗಳ ಆಸೆಯನ್ನು ಸ್ವಲ್ಪ ಬಿಡಬೇಕು. ಈಜುಕೊಳ, ವ್ಯಾಯಾಮದ ಕೋಣೆ, ಪ್ರತಿ ಕೋಣೆಯಲ್ಲೂ ದೊಡ್ಡ ಟಿ.ವಿ. ಎಂದು ಪಟ್ಟಿ ತುಂಬಿಸಲು ಹೋಗಿ ಹಳೆಯ ಗೋಡೆಗಳಲ್ಲಿ ವೈರು, ಕೊಳವೆಗಳಿಗೆಂದು ಕೊರೆದದ್ದು ಸಾಕು. ನಲವತ್ತು ಕೋಣೆಗಳನ್ನು ಕಳಪೆಯಾಗಿ ಇಡುವ ಬದಲು ಇಪ್ಪತ್ತನ್ನು ಚೆನ್ನಾಗಿಟ್ಟು, ಉಳಿದ ಹಜಾರಗಳನ್ನು ಶಾಲೆಯ ಮಕ್ಕಳಿಗೆ, ನೋಡಬಂದವರಿಗೆ, ಸಂಗೀತ ಕಛೇರಿಗೆ ತೆರೆಯಬಹುದು. ಕೊಲ್ಹಾಪುರದಲ್ಲೇ ಇದಕ್ಕೊಂದು ಪಾಠವಿದೆ. ಮೇಜರ್ ಚಾರ್ಲ್ಸ್ ಮ್ಯಾಂಟ್ ನಕ್ಷೆ ಬರೆದು 1877ರಿಂದ 1884ರ ನಡುವೆ ಕಟ್ಟಿದ ಹೊಸ ಅರಮನೆಯ ಕೆಳ ಅಂತಸ್ತು ಇಂದು ಶಹಾಜಿ ಛತ್ರಪತಿ ವಸ್ತುಸಂಗ್ರಹಾಲಯ. ಟಿಕೀಟು ಕೊಂಡ ಯಾರು ಬೇಕಾದರೂ ಒಳಹೋಗಿ ದರ್ಬಾರ್ ಹಜಾರವನ್ನು ನೋಡಬಹುದು. ತಾನು ವಸ್ತುಸಂಗ್ರಹಾಲಯ ಎಂದು ಅದು ಹೇಳುತ್ತದೆ, ಅದಕ್ಕೆ ತಕ್ಕ ಶುಲ್ಕ ತೆಗೆದುಕೊಳ್ಳುತ್ತದೆ, ಬಂದವರಿಗೆ ಹೇಳಿದ್ದನ್ನು ಕೊಡುತ್ತದೆ. ಅರಮನೆ ಹೋಟೆಲಿನ ಫಲಕದ ಮೇಲೂ, ಅದು ರಂಕಾಳಾ ದಂಡೆಯಲ್ಲಿರಲಿ ಚಾಮುಂಡಿ ಬೆಟ್ಟದ ಬುಡದಲ್ಲಿರಲಿ, ಕಟ್ಟಿದ ರಾಜನ ಹೆಸರಿನ ಕೆಳಗೆ ಕಳೆದ ವರ್ಷ ಕಟ್ಟಡದ ದುರಸ್ತಿಗೆ ಖರ್ಚಾದ ಹಣವೆಷ್ಟು, ಖಾಯಂ ಕೆಲಸಗಾರರು ಎಷ್ಟು ಮಂದಿ ಎಂದು ಬರೆದಿರಲಿ. ಬಾಡಿಗೆ ಹೆಚ್ಚೋ ಕಡಿಮೆಯೋ ಎಂಬುದನ್ನು ಅದನ್ನು ಓದಿದ ಮೇಲೆ ಅತಿಥಿಯೇ ನಿರ್ಧರಿಸಲಿ.